ಆಸ್ಪತ್ರೆ ಕೌಂಟರಿನ ಮುಂದೆ ನಿಂತಾಗ: ಬೆಂಗಳೂರಿನ ರೋಗಿಗಳು, ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳ ಜೊತೆ ಆಸ್ಪತ್ರೆಗಳಿಗೆ ಓಡಾಡುವುದು ನನ್ನ ಕೆಲಸ. ನಾನು ವಕೀಲೆಯೂ ಅಲ್ಲ, ಡಾಕ್ಟರೂ ಅಲ್ಲ. ಡಾಕ್ಟರ ಮುಖ ನೋಡುವ ಮುಂಚೆಯೇ, ಕೌಂಟರಿನಲ್ಲೇ ಸೋತು ಮನೆಗೆ ಹೋಗುವವರನ್ನು ಎಷ್ಟೋ ನೋಡಿದ್ದೇನೆ. ಕಾನೂನು ಅವರ ಕಡೆಗೇ ಇರುತ್ತದೆ. ಅದನ್ನು ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ಬರವಣಿಗೆಯಲ್ಲಿ ಕೇಳುವವರು ಮಾತ್ರ ಕಡಿಮೆ. ಅದಕ್ಕೇ ಇದನ್ನು ಬರೆದಿದ್ದೇನೆ.

ಚಿಕಿತ್ಸೆ ಅನ್ನೋದು ನಮ್ಮ ಹಕ್ಕಾ, ಇಲ್ಲಾ ಸರ್ಕಾರ ದಯೆಯಿಂದ ಕೊಡುವ ಸೌಲಭ್ಯವಾ?

ಹಕ್ಕು. ಸಂವಿಧಾನದಲ್ಲಿ "ಆರೋಗ್ಯದ ಹಕ್ಕು" ಅಂತ ಬೇರೆ ವಿಧಿ ಇಲ್ಲ, ನಿಜ. ಆದರೆ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಚಿಕಿತ್ಸೆಯೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಜನರ ಆರೋಗ್ಯ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಎಂದು 47ನೇ ವಿಧಿ ಹೇಳುತ್ತದೆ.

1996ರ ಒಂದು ತೀರ್ಪು ನೆನಪಿಟ್ಟುಕೊಳ್ಳಿ. ಪಶ್ಚಿಮ ಬಂಗಾಳದಲ್ಲಿ ಕೂಲಿಕಾರರೊಬ್ಬರು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಯಂತ್ರ ಇಲ್ಲ ಎಂದು ಅವರನ್ನು ಸಾಗಹಾಕಿತು. ಕೊನೆಗೆ ಅವರು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಸುರಿಯಬೇಕಾಯಿತು. ಕೋರ್ಟ್ ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ದುಡ್ಡಿಲ್ಲ ಅನ್ನುವ ನೆಪ ಹೇಳಿ ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಿತು. "ಬೆಡ್ ಇಲ್ಲ, ಬೇರೆ ಕಡೆ ಹೋಗಿ" ಎಂಬ ಮಾತಿಗೆ ಅಂದಿನಿಂದಲೇ ಉತ್ತರ ಇದೆ.

ಎಮರ್ಜೆನ್ಸಿಯಲ್ಲಿ ಖಾಸಗಿ ಆಸ್ಪತ್ರೆ "ಮೊದಲು ಐವತ್ತು ಸಾವಿರ ಅಡ್ವಾನ್ಸ್ ಕಟ್ಟಿ" ಅಂದರೆ?

ಹಾಗೆ ಹೇಳಿ ಚಿಕಿತ್ಸೆ ತಡೆಯುವಂತಿಲ್ಲ. ಜೀವ ಉಳಿಸುವುದು ಸರ್ಕಾರಿ ಡಾಕ್ಟರಿರಲಿ, ಖಾಸಗಿ ಡಾಕ್ಟರಿರಲಿ, ಎಲ್ಲರ ಕರ್ತವ್ಯ ಎಂದು 1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೊಲೀಸ್ ಬರಲಿ, ಎಂಎಲ್‌ಸಿ (ಪೊಲೀಸ್ ಕೇಸಿನ ದಾಖಲೆ) ಆಗಲಿ ಅಂತ ಕಾಯುವ ಹಾಗೂ ಇಲ್ಲ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಎಲ್ಲರೂ ಅದನ್ನು ಕೆಪಿಎಂಇ ಅನ್ನುತ್ತಾರೆ. 2007ರಲ್ಲಿ ಬಂತು, 2017ರಲ್ಲಿ ತಿದ್ದುಪಡಿಯಾಯಿತು. ಆಗ ಖಾಸಗಿ ಡಾಕ್ಟರುಗಳು ಮುಷ್ಕರ ಮಾಡಿ ಓಪಿಡಿಗಳೆಲ್ಲ ಬಾಗಿಲು ಹಾಕಿದ್ದು ನಿಮಗೂ ನೆನಪಿರಬಹುದು. ಎಮರ್ಜೆನ್ಸಿಯಲ್ಲಿ ದುಡ್ಡಿಗೆ ಪಟ್ಟು ಹಿಡಿಯದೆ ಮೊದಲ ಚಿಕಿತ್ಸೆ ಕೊಡಬೇಕು ಎಂದು ಈ ಕಾಯ್ದೆಯಲ್ಲೂ ಇದೆ.

ಈಗ ಕೆಲಸಕ್ಕೆ ಬರುವ ಮಾತು. ಬಿಲ್ಲಿಂಗ್ ಕೌಂಟರಿಗೆ ಹೋಗಲೇಬೇಡಿ. ಸೀದಾ ಕ್ಯಾಶುವಾಲ್ಟಿಗೆ ಹೋಗಿ, ಡ್ಯೂಟಿ ಡಾಕ್ಟರನ್ನು ಕೇಳಿ. ಕೌಂಟರಿನ ಹುಡುಗನಿಗೆ ರೋಗಿಯನ್ನು ನಿರಾಕರಿಸುವ ಅಧಿಕಾರ ಇಲ್ಲ, ಒಪ್ಪುವ ಅಧಿಕಾರವೂ ಇಲ್ಲ. ಸುಮ್ನೆ ಅವನ ಜೊತೆ ಜಗಳ ಆಡಿ ಹೊತ್ತು ಕಳೆಯುತ್ತೀರಿ. ಡಾಕ್ಟರೇ ಆಗಲ್ಲ ಅಂದರೆ, "ಸರಿ ಸಾರ್, ಯಾಕೆ ಆಗಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ" ಎನ್ನಿ. ಈ ಒಂದು ಮಾತಿಗೆ ಎಷ್ಟೋ ಕಡೆ ಸ್ಟ್ರೆಚರ್ ತಾನಾಗೇ ಬಂದಿದೆ. ಅವರಲ್ಲಿ ಆ ಸೌಲಭ್ಯ ನಿಜವಾಗಿಯೂ ಇಲ್ಲದಿದ್ದರೆ, ರೋಗಿಯ ಸ್ಥಿತಿ ಒಂದು ಹದಕ್ಕೆ ಬರುವಂತೆ ನೋಡಿಕೊಂಡು, ಏನು ಚಿಕಿತ್ಸೆ ಕೊಟ್ಟೆವು ಅಂತ ಬರೆದು, ಬೇರೆ ಕಡೆ ಕಳಿಸಬೇಕು.

ಇದಕ್ಕೂ ಒಂದು ಮಿತಿ ಇದೆ. ಜೀವ ಉಳಿಸುವ ಮೊದಲ ಚಿಕಿತ್ಸೆಗೆ ದುಡ್ಡು ಅಡ್ಡ ಬರಬಾರದು ಅಂತ ಮಾತ್ರ ಇದರ ಅರ್ಥ. ಆಮೇಲಿನ ಆಪರೇಷನ್, ಐಸಿಯು ಎಲ್ಲ ಖಾಸಗಿಯಲ್ಲಿ ಪುಕ್ಕಟೆ ಆಗುತ್ತದೆ ಅಂತಲ್ಲ. ಇದನ್ನು ತಪ್ಪಾಗಿ ತಿಳಿದುಕೊಂಡು ಬಿಲ್ ನೋಡಿ ಕುಸಿದವರಿದ್ದಾರೆ.

2020ರ ಕೊರೋನಾ ಕಾಲದಲ್ಲಿ ಇದೇ ಊರಿನಲ್ಲಿ, ಉಸಿರಾಟದ ತೊಂದರೆ ಇದ್ದ ಒಬ್ಬರನ್ನು 18 ಆಸ್ಪತ್ರೆಗಳು ವಾಪಸ್ ಕಳಿಸಿದ ಸುದ್ದಿ ಬಂತು. ಅವರು ತೀರಿಕೊಂಡರು. ಆಮೇಲೆ ಸರ್ಕಾರ ಆಸ್ಪತ್ರೆಗಳಿಗೆ ನೋಟಿಸ್ ಕೊಟ್ಟಿತು. ಕಾನೂನು ಆಗಲೂ ಇತ್ತು.

ರಸ್ತೆ ಅಪಘಾತವಾದರೆ? ಗಾಯಾಳುವನ್ನು ಕರೆದುಕೊಂಡು ಹೋದವರು ಸಿಕ್ಕಿಕೊಳ್ಳುತ್ತಾರಾ?

ಇಲ್ಲ. ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆ ಕರ್ನಾಟಕದಲ್ಲೇ ಇದೆ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲೂ ಇದೆ. ಹೆಸರು, ಫೋನ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಿ. 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಯೋಜನೆಯೂ ಇದೆ: ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದ ತನಕ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ.

ಆಧಾರ್ ಇಲ್ಲ, ರೇಷನ್ ಕಾರ್ಡ್ ಊರಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ನೋಡಲ್ಲ ಅಂತಾರೆ.

ನೋಡಲೇಬೇಕು. ಕಾರ್ಡು ಕೇಳುವುದು ಯೋಜನೆಯ ದುಡ್ಡಿಗೆ, ರೋಗಿಯನ್ನು ಮುಟ್ಟಿ ನೋಡುವುದಕ್ಕಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಏನಾಯಿತು? ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಹೆರಿಗೆ ನೋವಿನ ಹೆಂಗಸನ್ನು ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳಿಸಿದರು ಎಂಬ ಆರೋಪ ಬಂತು. ಆಕೆ ಮನೆಯಲ್ಲೇ ಹೆತ್ತು, ಅವಳಿ ಕೂಸುಗಳ ಜೊತೆಗೇ ಸತ್ತಳು. ಸಿಬ್ಬಂದಿ ಅಮಾನತಾದರು. ದಾಖಲೆ ಇಲ್ಲ ಅಂತ ತುರ್ತು ಚಿಕಿತ್ಸೆ ನಿಲ್ಲಿಸಬಾರದು ಅಂತ ಸೂಚನೆಯೂ ಹೋಯಿತು. ಬಿಹಾರ, ಒಡಿಶಾ, ರಾಯಚೂರು, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಹೊರ ರಾಜ್ಯದವರ ಆಯುಷ್ಮಾನ್ ಕಾರ್ಡ್ ಇಲ್ಲೂ ನಡೆಯುತ್ತದೆ.

ಜ್ವರ, ಬಿಪಿ, ಶುಗರ್, ಸಣ್ಣ ಗಾಯಕ್ಕೆ ನೇರ ವಿಕ್ಟೋರಿಯಾಕ್ಕೆ ಹೋಗಿ ಬೆಳಗಿನಿಂದ ಕ್ಯೂ ನಿಲ್ಲಬೇಕಾಗಿಲ್ಲ. 2022ರ ಕೊನೆಯಿಂದ ವಾರ್ಡುಗಳಲ್ಲಿ ನಮ್ಮ ಕ್ಲಿನಿಕ್‌ಗಳು ಶುರುವಾಗಿವೆ. ಅಲ್ಲಿ ತಪಾಸಣೆಯೂ ಉಚಿತ, ಮಾತ್ರೆಯೂ ಉಚಿತ.

ಆಯುಷ್ಮಾನ್ ಕಾರ್ಡ್ ಇದೆ. ಆದರೂ "ಇಲ್ಲಿ ನಡೆಯಲ್ಲ" ಅಂತಾರೆ. ಯಾಕೆ?

ನನಗೆ ಬರುವ ಫೋನುಗಳಲ್ಲಿ ಇದೇ ಜಾಸ್ತಿ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಯೋಜನೆಯ ಪೂರ್ತಿ ಹೆಸರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ರಾಜ್ಯದ್ದು 2018ರ ಮಾರ್ಚಿನಲ್ಲಿ ಶುರುವಾಯಿತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಯೋಜನೆ ಜೊತೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಮನೆಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಎಪಿಎಲ್‌ನವರು ಈ ಶೇಕಡಾ 30ನ್ನು ಪೂರ್ತಿ ಅಂದುಕೊಂಡು ಬಂದು ಕಂಗಾಲಾಗುತ್ತಾರೆ.

"ನಡೆಯಲ್ಲ" ಅನ್ನುವುದಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಆ ಆಸ್ಪತ್ರೆ ಯೋಜನೆಯಲ್ಲಿ ಇಲ್ಲದೇ ಇರಬಹುದು. ಆಸ್ಪತ್ರೆ ಇದ್ದರೂ ನಿಮಗೆ ಬೇಕಾದ ಚಿಕಿತ್ಸೆಗೆ ಅದು ಸೇರಿಲ್ಲದಿರಬಹುದು. ಹೃದಯಕ್ಕೆ ಇದೆ, ಕಿಡ್ನಿಗೆ ಇಲ್ಲ, ಹೀಗೆ. ಮೂರನೆಯದು ರೆಫರಲ್. ಇಲ್ಲೇ ಎಲ್ಲರೂ ಎಡವುವುದು. ನಮ್ಮ ರಾಜ್ಯದ ನಿಯಮದಂತೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ, ಅದು ಹಿಡಿದು ಖಾಸಗಿಗೆ ಹೋಗಬೇಕು. ಆದರೆ ಯೋಜನೆಯ ಪಟ್ಟಿಯಲ್ಲಿ ತುರ್ತು ಚಿಕಿತ್ಸೆಗಳು ಅಂತ ಬೇರೆಯೇ ಇವೆ. ಅವಕ್ಕೆ ರೆಫರಲ್ ಬೇಡ, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಹೃದಯಾಘಾತದ ರೋಗಿಯ ಮನೆಯವರನ್ನು "ಕೆ.ಸಿ. ಜನರಲ್‌ಗೆ ಹೋಗಿ ಚೀಟಿ ತನ್ನಿ" ಎಂದು ಅಟ್ಟಿದರೆ, "ಇದು ಎಮರ್ಜೆನ್ಸಿ ಪಟ್ಟಿಯಲ್ಲಿ ಇದೆಯಾ ನೋಡಿ ಹೇಳಿ" ಎಂದು ಗಟ್ಟಿಯಾಗಿ ಕೇಳಿ.

ಯಾರನ್ನು ಕೇಳಬೇಕು? ಆರೋಗ್ಯಮಿತ್ರರನ್ನು, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರನ್ನು. ಯೋಜನೆಯ ಆಸ್ಪತ್ರೆಗಳಲ್ಲಿ ಇವರಿಗೊಂದು ಟೇಬಲ್ ಇರುತ್ತದೆ. ಎಲ್ಲಿ ಅಂದರೆ, ಕಣ್ಣಿಗೆ ಬೀಳದ ಕಡೆ! ಮೆಟ್ಟಿಲ ಕೆಳಗೆ, ಎಕ್ಸ್‌ರೇ ಕೋಣೆಯ ಪಕ್ಕದ ಸಂದಿಯಲ್ಲಿ. ಒಂದು ಕಂಪ್ಯೂಟರ್, ಗೋಡೆಗೆ ಅಂಟಿಸಿದ ಮಾಸಿದ ಪೋಸ್ಟರ್, ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಹಿಡಿದ ಹತ್ತು ಜನ. ಊಟದ ಹೊತ್ತಿಗೆ ಖಾಲಿ ಕುರ್ಚಿ. ಕಾದು ಅವರನ್ನೇ ಹಿಡಿಯಿರಿ, ಮಾರ್ಕೆಟಿಂಗ್ ಕೌಂಟರಿನವರ ಮಾತು ಕೇಳಿ ಅಡ್ಮಿಟ್ ಆಗಬೇಡಿ. ಯಾಕೆಂದರೆ ಈ ಯೋಜನೆಯಲ್ಲಿ ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಪಡೆಯುವ ಲೆಕ್ಕ ಇಲ್ಲ. ಸಂಕಟ ಬಂದಾಗ ವೆಂಕಟರಮಣ ಅಂತ, ಕೈ ಖಾಲಿಯಾದ ಮೇಲೆ ಕಾರ್ಡು ತೆಗೆದರೆ ತಡವಾಗಿರುತ್ತದೆ. ಇನ್ನೊಂದು ವಿಷಯ: ಬಿಪಿಎಲ್ ರೋಗಿಗೆ ಯೋಜನೆಯಲ್ಲಿ ಒಪ್ಪಿಗೆ ಸಿಕ್ಕ ಚಿಕಿತ್ಸೆಗೆ "ಇಂಪ್ಲಾಂಟ್ ಚೆನ್ನಾಗಿರೋದು ಹಾಕ್ತೀವಿ, ಮೇಲೆ ಮೂವತ್ತು ಸಾವಿರ ಕೊಡಿ" ಅಂದರೆ ಅದು ನಿಯಮ ಮೀರಿದ ವಸೂಲಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಹೇಳಿ.

ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮಗು ತೋರಿಸೋಕೆ ದುಡ್ಡು ಕೇಳ್ತಾರೆ. ಕೊಡದೇ ಇರೋದು ಹೇಗೆ?

ಗಂಡು ಮಗುವಿಗೆ ಒಂದು ರೇಟು, ಹೆಣ್ಣಿಗೆ ಒಂದು ರೇಟು. ಎಲ್ಲರಿಗೂ ಗೊತ್ತು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಬಿಪಿಎಲ್ ಆಗಿರಬೇಕು ಅಂತಲೂ ಇಲ್ಲ.

ಹೆರಿಗೆ ವಾರ್ಡಿನ ಒಳಗಿರುವ ಮಗಳ ಮುಖ ನೆನೆದು ಹೊರಗಿರುವ ತಾಯಿ ಸೆರಗಿನ ಗಂಟು ಬಿಚ್ಚುತ್ತಾಳೆ. ಅವಳನ್ನು ನಾನು ಬೈಯುವುದಿಲ್ಲ. ಆದರೆ ಡಿಸ್ಚಾರ್ಜ್ ಆದ ಮೇಲಾದರೂ ದಿನಾಂಕ, ಶಿಫ್ಟು, ಕೇಳಿದ ಮೊತ್ತ ಬರೆದು ಆಸ್ಪತ್ರೆಯ ಮೇಲಧಿಕಾರಿಗೆ ದೂರು ಕೊಡಿ. ಲಂಚದ ದೂರಿಗೆ ಲೋಕಾಯುಕ್ತ ಪೊಲೀಸರಿದ್ದಾರೆ, ಅಂಬೇಡ್ಕರ್ ವೀದಿಯ ಎಂ.ಎಸ್. ಬಿಲ್ಡಿಂಗಿನಲ್ಲಿ. ಆಯಾಗಳ ಪಾಡೂ ಗೊತ್ತಿದೆ, ಗುತ್ತಿಗೆ ಕೆಲಸ, ತಿಂಗಳುಗಟ್ಟಲೆ ತಡವಾಗುವ ಸಂಬಳ. ಅದು ಸರ್ಕಾರ ಸರಿಪಡಿಸಬೇಕಾದದ್ದು, ಬಾಣಂತಿಯ ಗಂಟಿನಿಂದ ಅಲ್ಲ.

ಬಿಲ್ ಪೂರ್ತಿ ಕಟ್ಟದೆ ಡಿಸ್ಚಾರ್ಜ್ ಮಾಡಲ್ಲ, ಹೆಣ ಕೊಡಲ್ಲ ಅಂದರೆ?

ಹೆಣದ ವಿಷಯದಲ್ಲಿ ಕೆಪಿಎಂಇ ತಿದ್ದುಪಡಿ ಸ್ಪಷ್ಟವಾಗಿದೆ: ಬಾಕಿ ಇದ್ದರೂ ಮೃತದೇಹವನ್ನು ಮನೆಯವರಿಗೆ ಕೊಡಬೇಕು, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಬದುಕಿರುವ ರೋಗಿಯನ್ನು ಬಿಲ್ಲಿಗಾಗಿ ಕೂಡಿಹಾಕುವುದೂ ತಪ್ಪು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ 17 ಹಕ್ಕುಗಳಲ್ಲಿ ಇದೂ ಒಂದು. ಸೆಕ್ಯುರಿಟಿಯವರು ಗೇಟಿನಲ್ಲಿ ತಡೆದರೆ 112ಕ್ಕೆ ಫೋನ್ ಮಾಡಿ. ಸಾಲ ತೀರಿಸಬೇಕಾಗಿಲ್ಲ ಅಂತ ಇದರ ಅರ್ಥವಲ್ಲ. ಆಸ್ಪತ್ರೆ ಕೋರ್ಟಿಗೆ ಹೋಗಬಹುದು. ಮನುಷ್ಯನನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ, ಅಷ್ಟೇ.

ಬಿಲ್ ಜಾಸ್ತಿ ಅನ್ನಿಸಿದರೆ ಏನು ಕೇಳಬೇಕು?

ವಿವರವಾದ ಬಿಲ್ ಕೇಳಿ. ಒಂದು ಹಾಳೆಯ "ಫೈನಲ್ ಬಿಲ್" ತೆಗೆದುಕೊಂಡು ಬರಬೇಡಿ. ಪರಿಚಯದವರೊಬ್ಬರ ಡೆಂಗಿ ಬಿಲ್ ನೋಡುತ್ತಿದ್ದೆ. ಜನರಲ್ ವಾರ್ಡ್. "ಕನ್ಸ್ಯೂಮಬಲ್ಸ್" ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ. ಬಿಡಿಸಿ ಕೊಡಿ ಅಂದಾಗ ನಾಲ್ಕು ಪುಟ ಬಂತು. ಗ್ಲೌಸ್, ಗ್ಲೌಸ್, ಮತ್ತೆ ಗ್ಲೌಸ್. ಡಿಸ್ಚಾರ್ಜ್ ಆದ ದಿನ ಮಧ್ಯಾಹ್ನದ ಮೇಲೂ ಎರಡು ಸಲ ಡ್ರಿಪ್ ಸೆಟ್ ಹಾಕಿದ ಲೆಕ್ಕ. ಆ ಹೊತ್ತಿಗೆ ರೋಗಿ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದ. ಬೆರಳಿಟ್ಟು ತೋರಿಸಿದ ಮೇಲೆ "ಸಿಸ್ಟಂ ಎರರ್ ಮೇಡಂ" ಅಂತ ತೆಗೆದರು.

ಎಂಆರ್‌ಪಿಗಿಂತ ಜಾಸ್ತಿ ಹಾಕುವಂತಿಲ್ಲ. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿಗೆ, ಮಂಡಿ ಇಂಪ್ಲಾಂಟಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಔಷಧಿ ಲೇಪಿಸಿದ ಸ್ಟೆಂಟಿಗೆ ಮುಂಚೆ ಲಕ್ಷ ದಾಟಿ ಬಿಲ್ ಮಾಡುತ್ತಿದ್ದರು; 2017ರ ಫೆಬ್ರವರಿಯಲ್ಲಿ ಅದನ್ನು 29,600 ರೂಪಾಯಿಗೆ ಇಳಿಸಿದರು. ಆಮೇಲೆ ದರ ಪರಿಷ್ಕರಣೆಯಾಗುತ್ತಾ ಬಂದಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಕಂಪನಿ, ಬ್ಯಾಚ್ ನಂಬರ್, ಬೆಲೆ ಬೇರೆಯಾಗಿ ಇರಬೇಕು. ಆಸ್ಪತ್ರೆಯ ಒಳಗಿನ ಅಂಗಡಿಯಲ್ಲೇ ಔಷಧಿ ಕೊಳ್ಳಬೇಕು ಅಂತಲೂ ಇಲ್ಲ ಎನ್ನುತ್ತದೆ ರೋಗಿಗಳ ಸನ್ನದು. ಈ ಬಗ್ಗೆ 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಕೇಸ್ ಬಂದಾಗ, ನೀತಿ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿತು. ಗಟ್ಟಿ ನಿಯಮ ಬರುವವರೆಗೆ ಇದು ನಿಮ್ಮ ಬಾಯಿಜೋರಿನ ಮೇಲೇ ನಿಂತಿದೆ ಅನ್ನಬಹುದು.

ಇಂಗ್ಲಿಷ್ ಫಾರಂ ಕೊಟ್ಟು "ಇಲ್ಲಿ ಸಹಿ ಹಾಕಿ" ಅಂತಾರೆ.

ಹಾಕಬೇಡಿ, ಓದಿ ಹೇಳಲು ಹೇಳಿ. ಏನು ಮಾಡುತ್ತಾರೆ, ಅಪಾಯ ಏನು, ಬೇರೆ ದಾರಿ ಇದೆಯಾ ಅನ್ನುವುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿದ ಮೇಲಷ್ಟೇ ಅದು ಒಪ್ಪಿಗೆ. ತಪಾಸಣೆಗೆ ಕೊಟ್ಟ ಒಪ್ಪಿಗೆಯನ್ನೇ ಹಿಡಿದು ಆಪರೇಷನ್ ಮಾಡಿ ಮುಗಿಸುವಂತಿಲ್ಲ ಎಂದು 2008ರ ಸಮೀರಾ ಕೊಹ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವ ಹೋಗುವ ತುರ್ತಿದ್ದರೆ ಮಾತು ಬೇರೆ. ಖಾಲಿ ಜಾಗಗಳಿರುವ ಫಾರಮ್ಮಿಗಂತೂ ಸಹಿ ಬೇಡವೇ ಬೇಡ. ಡಾಕ್ಟರಿಗೆ ಕನ್ನಡ ಬರದಿದ್ದರೆ ನರ್ಸಮ್ಮನನ್ನೋ ಇನ್ನೊಬ್ಬ ಡಾಕ್ಟರನ್ನೋ ಕರೆಸಲಿ, ಅದು ಆಸ್ಪತ್ರೆಯ ಕೆಲಸ.

ಕೇಸ್ ಶೀಟ್, ರಿಪೋರ್ಟುಗಳ ಕಾಪಿ ಕೊಡಲ್ಲ ಅಂತಾರೆ.

ಕೊಡಬೇಕು. ಬರವಣಿಗೆಯಲ್ಲಿ ಕೇಳಿದ 72 ಗಂಟೆಯೊಳಗೆ. ಒಳರೋಗಿಯ ದಾಖಲೆಗಳನ್ನು ಡಾಕ್ಟರು 3 ವರ್ಷ ಇಟ್ಟುಕೊಂಡಿರಬೇಕು. 2002ರ ವೈದ್ಯ ಮಂಡಳಿ ನಿಯಮವಿದು. ಅರ್ಜಿಯ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿಯೂ ಹಾಕಬಹುದು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುತ್ತೇನೆ ಅಂದರೆ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

ಗರ್ಭಪಾತಕ್ಕೆ ಗಂಡನ ಸಹಿ ಬೇಕಾ? ಮದುವೆ ಆಗದವರಿಗೆ ಮಾಡಲ್ಲವಾ?

18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನದ್ದಾಗಲಿ, ಅತ್ತೆಯದ್ದಾಗಲಿ ಬೇಕಾಗಿಲ್ಲ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಕೆಲವು ವರ್ಗದವರಿಗೆ ಇಬ್ಬರದ್ದು ಬೇಕು. ಅದರಲ್ಲಿ ಮದುವೆಯಾಗದವರೂ ಸೇರುತ್ತಾರೆ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಸರು, ವಿವರ ಗುಟ್ಟಾಗಿರಬೇಕು. ಹೀಗಿದ್ದೂ ಮದುವೆಯಾಗದ ಹುಡುಗಿಯರನ್ನು "ಅಮ್ಮನನ್ನು ಕರ್ಕೊಂಡು ಬಾ" ಎಂದು ಕಳಿಸುವ ಕ್ಲಿನಿಕ್‌ಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಬೇರೆ ಕಡೆ ಹೋಗಿ, ಆದರೆ ಮೆಡಿಕಲ್ ಅಂಗಡಿಯ ಮಾತ್ರೆ ತಾವಾಗೇ ನುಂಗಬೇಡಿ.

ಅತ್ಯಾಚಾರ ಅಥವಾ ಆಸಿಡ್ ದಾಳಿಗೆ ಒಳಗಾದವರಿಗೆ ಯಾವುದೇ ಆಸ್ಪತ್ರೆ, ಖಾಸಗಿಯೂ ಸೇರಿ, ಉಚಿತವಾಗಿ ತಕ್ಷಣ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಅದೇ ಒಂದು ಅಪರಾಧ. ಅತ್ಯಾಚಾರಕ್ಕೊಳಗಾದವರ ಯೋನಿಯಲ್ಲಿ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವಂತಿಲ್ಲ.

ಎಚ್‌ಐವಿ ಇದ್ದವರಿಗೆ, ಮನೋರೋಗಿಗಳಿಗೆ?

ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವುದು, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವುದು 2017ರ ಕಾಯ್ದೆಯಂತೆ ತಪ್ಪು. ಮನಸ್ಸಿನ ಕಾಯಿಲೆಗೂ 2017ರದ್ದೇ ಇನ್ನೊಂದು ಕಾಯ್ದೆ: ಚಿಕಿತ್ಸೆ ಹಕ್ಕು, ವಿಷಯ ಗುಟ್ಟು, ವಿಮೆಯಲ್ಲೂ ಭೇದ ಕೂಡದು. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ರಾತ್ರಿ ಹೊತ್ತು ಯಾರೊಡನೆಯಾದರೂ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಇಎಸ್‌ಐ, ಖಾಸಗಿ ವಿಮೆ ಇದ್ದವರಿಗೆ ಏನಾದರೂ ಹೇಳುವುದಿದೆಯಾ?

ಗಾರ್ಮೆಂಟ್ಸ್, ಪೀಣ್ಯದ ಕಾರ್ಖಾನೆಗಳಲ್ಲಿ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಸರ್ಕಾರದ ಕಾರ್ಮಿಕ ವಿಮೆಯಾದ ಇಎಸ್‌ಐ ಸಿಗುತ್ತದೆ, ಮನೆಯವರಿಗೂ ಸೇರಿ. ನಿಮ್ಮ ಸಂಬಳದಿಂದ ಶೇಕಡಾ 0.75 ಹಿಡಿಯುತ್ತಾರೆ, ಸ್ಲಿಪ್ ನೋಡಿ. ಹಿಡಿದು ಕಟ್ಟದ ಮಾಲೀಕರೂ ಇದ್ದಾರೆ. ಖಾಸಗಿ ವಿಮೆಯಲ್ಲಿ, 2024ರ ನಿಯಮದಂತೆ ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯಲ್ಲಿ ಉತ್ತರ ಕೊಡಬೇಕು, ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯೊಳಗೆ ಬರಬೇಕು. ವಿಮೆ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಒಂಬುಡ್ಸ್‌ಮನ್ ಕಚೇರಿ ಜೆ.ಪಿ. ನಗರದಲ್ಲಿದೆ, ದೂರಿಗೆ ದುಡ್ಡಿಲ್ಲ.

ಯಾವ ದೂರು ಎಲ್ಲಿ ಕೊಡಬೇಕು?

ಮೊದಲು ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟರಿಗೆ, ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ. ಏನಾಯಿತು, ಯಾವಾಗ, ಯಾರ ಮುಂದೆ, ನಿಮಗೆ ಏನಾಗಬೇಕು. ಒಂದು ಪುಟ ಸಾಕು. ಸಿಟ್ಟನ್ನೆಲ್ಲ ಬರೆದು ಐದು ಪುಟ ಮಾಡಿದರೆ ಯಾರೂ ಓದಲ್ಲ.

ಖಾಸಗಿ ಆಸ್ಪತ್ರೆ ಅಡ್ವಾನ್ಸಿಗೆ ತಡೆದದ್ದು, ಹೆಣ ಕೊಡದ್ದು, ದರಪಟ್ಟಿ ಹಾಕದ್ದು ಇಂಥವಕ್ಕೆ ಕೆಪಿಎಂಇಯ ಜಿಲ್ಲಾ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿ ಮುಖ್ಯಸ್ಥರು. ಬೆಂಗಳೂರು ನಗರದವರ ಕಚೇರಿ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ. ಡಾಕ್ಟರ ನಡವಳಿಕೆ, ನಿರ್ಲಕ್ಷ್ಯದ ದೂರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಅಲ್ಲಿ ಪರಿಹಾರದ ದುಡ್ಡು ಸಿಗಲ್ಲ. ದುಡ್ಡು ಬೇಕಾದರೆ ಗ್ರಾಹಕ ಆಯೋಗ. ವೈದ್ಯ ಸೇವೆ ಗ್ರಾಹಕ ಕಾಯ್ದೆಗೆ ಬರುತ್ತದೆ ಅಂತ 1995ರಲ್ಲೇ ತೀರ್ಮಾನವಾಗಿದೆ. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಇದಕ್ಕೆ ಬರಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾನ ಕಳೆಯುವಂತೆ ನಡೆಸಿಕೊಂಡರೆ, ಚಿಕಿತ್ಸೆ ನಿರಾಕರಿಸಿದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಿರಿ. ಶುಲ್ಕ ಇಲ್ಲ.

ಡಾಕ್ಟರ ಮೇಲೆ ಕೈ ಮಾಡುವುದು ಮಾತ್ರ ಬೇಡ. ಅದಕ್ಕೆ 2009ರ ಕಾಯ್ದೆ ಇದೆ, ಜೈಲಾಗುತ್ತದೆ. ಅಲ್ಲದೆ ಕ್ಯಾಶುವಾಲ್ಟಿಯಲ್ಲಿ ನಿಮ್ಮ ಕೈಗೆ ಸಿಗುವುದು ನಿನ್ನೆಯಿಂದ ನಿದ್ದೆ ಇಲ್ಲದ ಹೌಸ್ ಸರ್ಜನ್, ಇನ್ನೂ ತರಬೇತಿಯಲ್ಲಿರುವ ಡಾಕ್ಟರ್. ಹಾಸಿಗೆ ಕಡಿಮೆ ಮಾಡಿದ್ದು ಆ ಹುಡುಗ ಅಲ್ಲ, ಬಿಲ್ ಬರೆದದ್ದೂ ಅವನಲ್ಲ.

ದೂರು ಕೊಟ್ಟರೆ ನಾಳೆ ಅದೇ ಆಸ್ಪತ್ರೆಯಲ್ಲಿ ನಮ್ಮನ್ನು ನೋಡ್ತಾರಾ?

ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹೋಗುವವರು, ಕಿದ್ವಾಯಿಯಲ್ಲಿ ಕೀಮೋ ನಡೆಯುತ್ತಿರುವವರ ಮನೆಯವರು ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ ಇದು. ದೂರು ಕೊಟ್ಟರು ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಹೆದರಿಕೆ ಹುಸಿ ಅಂತ ನಾನು ಹೇಳಲಾರೆ. ನಾನು ಹೇಳುವುದು ಇಷ್ಟು: ಕಾಗದಗಳನ್ನು ಇವತ್ತೇ ಜೋಡಿಸಿ, ದೂರನ್ನು ಚಿಕಿತ್ಸೆ ಮುಗಿದ ಮೇಲೂ ಕೊಡಬಹುದು. ರೋಗಿಯ ಬದಲು ಮನೆಯ ಇನ್ನೊಬ್ಬರು ಸಹಿ ಹಾಕಿ ಮಾನವ ಹಕ್ಕುಗಳ ಆಯೋಗಕ್ಕೆ ಕೊಡಬಹುದು. ಗಡುವು ಮಾತ್ರ ಮರೆಯಬೇಡಿ. ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾದ 1 ವರ್ಷದೊಳಗೆ, ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ.